ದ್ವೀಪದ ಮನೆಯೊಳಗೆ ಕೊರೊನಾ ಕಾಲ: ಮಾರಿಷಸ್‌ನ ಅಡುಗೆಮನೆಯೂ ನಮ್ಮ ದುರ್ಗದ ಈರುಳ್ಳಿಯೂ

ವಿದ್ಯಾನಗರದವಳು (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಾವು ಮಾರಿಷಸ್ ಬಿಟ್ಟು ದಾವಣಗೆರೆಗೆ ಹಿಂದಿರುಗಿದ ಮೇಲೆ ಮದುವೆ, ಗೃಹಪ್ರವೇಶ ಎಂದು ಎಲ್ಲಿ ಹೋದರೂ, ಕೊರೊನಾ ಕಾಲದ ಮಾತು ಬಂತೆಂದರೆ ನೆಂಟರು ಹೇಳುವುದು ಒಂದೇ: "ನಿಮಗೇನಮ್ಮ, ಸಮುದ್ರದ ದಂಡೆಯಲ್ಲಿ ಹಾಯಾಗಿದ್ದಿರಿ." ಇದಕ್ಕೆ ಉತ್ತರವನ್ನು ಒಮ್ಮೆ ಸರಿಯಾಗಿ ಬರೆದುಬಿಡೋಣ ಎಂದು ಕುಳಿತಿದ್ದೇನೆ. ಸಮುದ್ರ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯೂ ಇರಲಿಲ್ಲವೆಂಬುದು ನಿಜ. ಆದರೆ 2020ರ ಮಾರ್ಚ್ 20ರಿಂದ ಆ ದೇಶದಲ್ಲಿ ನಿರ್ಬಂಧ ಜಾರಿಯಾದ ಮೇಲೆ ದಂಡೆಗೆ ಕಾಲಿಡುವಂತಿರಲಿಲ್ಲ. ಸಾರ್ವಜನಿಕ ಕಡಲತೀರಗಳು ಮತ್ತೆ ತೆರೆದದ್ದು ಜೂನ್ 15ಕ್ಕೆ. ಆ ಕಾಲದಲ್ಲಿ ದ್ವೀಪದ ಬದುಕು ಎಂದರೆ ಕಡಲು, ತೆಂಗು, ಗಾಳಿ ಯಾವುದೂ ಅಲ್ಲ. ಡಬ್ಬಿಯಲ್ಲಿ ಉಳಿದಿರುವ ಅಕ್ಕಿ ಎಷ್ಟು, ಮುಂದಿನ ಹಡಗು ಯಾವಾಗ ಎಂಬ ಚಿಂತೆ, ಅಷ್ಟೇ.

ಆ ದೇಶವನ್ನು ಅರಿಯದವರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ಮಾರಿಷಸ್ ಮುಖ್ಯ ದ್ವೀಪದ ವಿಸ್ತೀರ್ಣ ಸುಮಾರು 1,865 ಚದರ ಕಿಲೋಮೀಟರ್, ಅಂದರೆ ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಕಾಲು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಉಳುವ ನೆಲದ ಬಹುಪಾಲನ್ನು ಕಬ್ಬು ಹಿಡಿದಿದೆ. ಅಕ್ಕಿ, ಗೋಧಿ ಹಿಟ್ಟು, ಬೇಳೆ, ಎಣ್ಣೆ, ಹಾಲಿನ ಪುಡಿ, ಪೆಟ್ರೋಲು ಎಲ್ಲವೂ ಹೊರಗಿನಿಂದ ಬಂದು ಪೋರ್ಟ್ ಲೂಯಿ ಬಂದರಿನಲ್ಲಿ ಇಳಿಯಬೇಕು. ನನ್ನ ಯಜಮಾನರು ಅಲ್ಲಿನ ಜವಳಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಕಾಟನ್ ಮಿಲ್ಲುಗಳ ಊರಿನಿಂದ ಹೋದವರಿಗೆ ಅದೇನೂ ಹೊಸ ಕಸುಬಲ್ಲ. ನಾವಿದ್ದದ್ದು ಕಾತ್ರ್ ಬೋರ್ನ್ ಎಂಬ ಊರಿನ ಕಡೆ, ಒಂದು ಮನೆಯ ಮಾಳಿಗೆಯಲ್ಲಿ. ಕೆಳಗೆ ಮನೆಯ ಒಡತಿ, ಅವರ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಇದ್ದರು.

ಮೊದಲ ಮೂರು ಪ್ರಕರಣಗಳು ಪತ್ತೆಯಾದ ಸುದ್ದಿಯನ್ನು ಮಾರ್ಚ್ 18ರ ರಾತ್ರಿ ಪ್ರಧಾನಿ ಪ್ರವಿಂದ್ ಜಗನ್ನಾಥ್ ಟಿವಿಯಲ್ಲಿ ಹೇಳಿದರು. ಮಾರನೆಯ ದಿನ ಶಾಲೆ ಮುಚ್ಚಿತು, ಅದರ ಮಾರನೆಯ ದಿನ ಊರೇ ಮುಚ್ಚಿತು. ಇಷ್ಟಾದರೂ ಅಂಗಡಿಗಳಿದ್ದವು, ನೂಕುನುಗ್ಗಲಿನಲ್ಲಾದರೂ ಏನಾದರೂ ಸಿಗುತ್ತಿತ್ತು. ಮಾರ್ಚ್ 24ರಂದು ಹೊಸ ಆದೇಶ ಬಂದು ಸೂಪರ್ ಮಾರ್ಕೆಟ್, ಕಿರಾಣಿ ಅಂಗಡಿ, ಬೇಕರಿಗಳೆಲ್ಲ ತಿಂಗಳ ಕೊನೆಯವರೆಗೆ ಸಂಪೂರ್ಣ ಬಂದ್ ಎಂದಾಯಿತು. ಬ್ರೆಡ್ಡನ್ನು ದಿನವೂ ಬೇಕರಿಯಿಂದ ಬಿಸಿಯಾಗಿ ತಂದು ತಿನ್ನುವ ಜನ ಅವರು. ನಮ್ಮಲ್ಲಿ ಹಾಲಿನ ಬೂತುಗಳನ್ನೂ ಮುಚ್ಚಿ ಎಂದು ಹೇಳಿದ್ದರೆ ಏನಾಗುತ್ತಿತ್ತೋ ಯೋಚಿಸಿ.

ಮಾರನೆಯ ದಿನ, ಮಾರ್ಚ್ 25, ಯುಗಾದಿ. ತೆಲುಗು ಮೂಲದವರ ಕಾರಣದಿಂದ ಮಾರಿಷಸ್‌ನಲ್ಲಿ ಯುಗಾದಿಗೆ ಸರ್ಕಾರಿ ರಜೆಯೇ ಇದೆ. ಭಾರತದಲ್ಲಿ ಲಾಕ್‌ಡೌನ್ ಆರಂಭವಾದದ್ದೂ ಅದೇ ದಿನ. ಅಲ್ಲಿ ನಮಗಿಂತ ಗಡಿಯಾರ ಒಂದೂವರೆ ಗಂಟೆ ಹಿಂದಿರುವುದರಿಂದ ನಾನು ಏಳುವಷ್ಟರಲ್ಲಿ ನಮ್ಮವ್ವ ಇಲ್ಲಿ ಎಣ್ಣೆ ಸ್ನಾನ ಮುಗಿಸಿ ಫೋನು ಹಿಡಿದು ಕುಳಿತಿರುತ್ತಿದ್ದರು. ಬೇವಿನ ಮರ ಎರಡು ಬೀದಿ ಆಚೆಗಿತ್ತು, ಹೋಗಿ ಕಿತ್ತು ತರುವಂತಿರಲಿಲ್ಲ. ಒಂದು ಚಿಟಿಕೆ ಮೆಂತ್ಯವನ್ನು ಹುರಿದು ಪುಡಿ ಮಾಡಿ, ಬೆಲ್ಲವಿಲ್ಲದ್ದಕ್ಕೆ ಅಲ್ಲಿನ ಕಪ್ಪು ಮಸ್ಕೊವಾಡೊ ಸಕ್ಕರೆಯ ಜೊತೆ ಬೆರೆಸಿ ಹಂಚಿಕೊಂಡೆವು. ಕಹಿಗೇನೂ ಕೊರತೆಯಾಗಲಿಲ್ಲ.

ಏಪ್ರಿಲ್ 2ರಿಂದ ಅಂಗಡಿಗಳು ತೆರೆದವು, ಆದರೆ ಮನೆತನದ ಹೆಸರಿನ ಮೊದಲ ಅಕ್ಷರದ ಪ್ರಕಾರ. ಇಂಗ್ಲಿಷ್ ವರ್ಣಮಾಲೆಯ ಎ-ಯಿಂದ ಎಫ್‌ವರೆಗಿನವರಿಗೆ ಸೋಮವಾರ ಮತ್ತು ಗುರುವಾರ. ಜಿ-ಯಿಂದ ಎನ್‌ವರೆಗಿನವರಿಗೆ ಮಂಗಳವಾರ ಮತ್ತು ಶುಕ್ರವಾರ. ಓ-ದಿಂದ ಜೆಡ್‌ವರೆಗಿನವರಿಗೆ ಬುಧವಾರ ಮತ್ತು ಶನಿವಾರ. ಭಾನುವಾರ ಯಾರಿಗೂ ಇಲ್ಲ. ಮಾಸ್ಕ್ ಕಡ್ಡಾಯ, ಬಾಗಿಲಲ್ಲಿ ಜ್ವರದ ತಪಾಸಣೆ, ಒಳಗೆ ಅರ್ಧ ಗಂಟೆಯಷ್ಟೇ ಅವಕಾಶ, ಅಕ್ಕಿ, ಹಿಟ್ಟು, ಎಣ್ಣೆ, ಹಾಲಿನ ಪುಡಿಗೆ ಇಷ್ಟೇ ಎಂಬ ಮಿತಿ. ನನ್ನ ಅಭಿಪ್ರಾಯದಲ್ಲಿ ಆ ಕಾಲದಲ್ಲಿ ನಾನು ಕಂಡ ಅತ್ಯಂತ ಬುದ್ಧಿವಂತಿಕೆಯ ಕ್ರಮ ಇದು. ಇಲ್ಲಿ ಬೆಳಗಿನ ಕೆಲವೇ ಗಂಟೆ ಮಾರುಕಟ್ಟೆ ತೆರೆದು, ಊರಿನ ಜನರೆಲ್ಲ ಅದೇ ಹೊತ್ತಿಗೆ ಬಂದು ಬೀಳುವಂತೆ ಮಾಡಿದ್ದಕ್ಕಿಂತ ಅದು ಸಾವಿರ ಪಾಲು ಮೇಲು. ಇದನ್ನು ಒಪ್ಪದವರು ಇದ್ದೇ ಇರುತ್ತೀರಿ, ಬರೆಯಿರಿ.

ಮಂಡಕ್ಕಿ ಪ್ರಿಯ (ದಾವಣಗೆರೆ):

ಅಕ್ಕಾ, ಕ್ರಮವೇನೋ ಚೆನ್ನಾಗಿದೆ. ಆದರೆ ನಮ್ಮ ಕಡೆಯವರಿಗೆ ಮನೆತನದ ಹೆಸರು ಎಲ್ಲಿದೆ? ನನ್ನ ಹೆಸರಿನ ಮುಂದೆ ಇರುವುದು ಅಪ್ಪನ ಹೆಸರಿನ ಮೊದಲಕ್ಷರ ಮತ್ತು ಊರಿನ ಮೊದಲಕ್ಷರ. ಪಾಸ್‌ಪೋರ್ಟ್ ಕಚೇರಿಯವರು ಅದನ್ನು ಬಿಡಿಸಿ ಬರೆಯಿರಿ ಎಂದಾಗ ಅಪ್ಪನ ಹೆಸರೇ ನನ್ನ ಮನೆತನದ ಹೆಸರಾಗಿ ಹೋಯಿತು. ನಿಮ್ಮ ಮನೆಯಲ್ಲಿ ಈ ತೊಡಕು ಬರಲಿಲ್ಲವೇ? ಮಂಡಕ್ಕಿ ಅಲ್ಲಿ ಸಿಗುತ್ತಿತ್ತೇ ಎಂಬ ಪ್ರಶ್ನೆಯೂ ಇದೆ, ಅದಕ್ಕೆ ನಿಧಾನವಾಗಿ ಉತ್ತರಿಸಿದರೂ ಆದೀತು.

ವಿದ್ಯಾನಗರದವಳು:

ತೊಡಕಲ್ಲ ತಮ್ಮಾ, ನಮಗೆ ಅದು ಅನುಕೂಲವೇ ಆಯಿತು. ಯಜಮಾನರ ಪಾಸ್‌ಪೋರ್ಟ್‌ನಲ್ಲಿ ಕೊನೆಯ ಹೆಸರಾಗಿ ಅವರ ಊರಿನ ಹೆಸರಿದೆ, ಅದು 'ಬಿ' ಅಕ್ಷರದ್ದು. ನನ್ನದರಲ್ಲಿ ನನ್ನ ತಂದೆಯ ಹೆಸರು, ಅದು 'ಎಸ್'. ಹೀಗಾಗಿ ಒಂದೇ ಅಡುಗೆಮನೆಗೆ ಎರಡು ಸರದಿಗಳು ಬಂದವು. ಮಾರಿಷಸ್‌ನವರಲ್ಲಿ ಗಂಡ, ಹೆಂಡತಿ, ಮಕ್ಕಳಿಗೆಲ್ಲ ಸಾಮಾನ್ಯವಾಗಿ ಒಂದೇ ಮನೆತನದ ಹೆಸರು ಇರುವುದರಿಂದ ಅವರಿಗೆ ವಾರಕ್ಕೆ ಎರಡೇ ದಿನ. ಬಾಗಿಲಲ್ಲಿ ನಿಂತ ಪೊಲೀಸ್ ಪೇದೆ ನನ್ನ ಪರವಾನಗಿ ಕಾರ್ಡು ನೋಡಿ, ಮೇಲೆ ಕೆಳಗೆ ತಿರುಗಿಸಿ, ಒಳಗೆ ಬಿಡುತ್ತಿದ್ದ. ನಾವು ಎರಡೂ ಸರದಿಗಳನ್ನು ಬಳಸಿಕೊಂಡೆವು, ಅದಕ್ಕೆ ನನಗೆ ಮುಜುಗರವೇನೂ ಇಲ್ಲ. ಕೆಳಗಿನ ಮನೆಯವರ ಹಾಲಿನ ಪುಡಿ, ಅಜ್ಜಿಯ ಸಕ್ಕರೆ ಕಾಯಿಲೆಗೆ ಬೇಕಾದ ಬಿಸ್ಕತ್ತು ಇವೂ ನನ್ನ ಚೀಲದಲ್ಲೇ ಬರುತ್ತಿದ್ದವು.

ಅರ್ಧ ಗಂಟೆ ಎಂಬುದು ಕೇಳುವುದಕ್ಕೆ ಸಾಕೆನಿಸುತ್ತದೆ. ಒಳಗೆ ಹೋದ ಮೇಲೆ ಗೊತ್ತಾಗುತ್ತದೆ. ಬೇಳೆಯ ಸಾಲಿನಲ್ಲಿ ತೊಗರಿಬೇಳೆ ಇದ್ದ ಜಾಗ ಖಾಲಿ. ಪಕ್ಕದಲ್ಲಿ ಹಳದಿ ಬಟಾಣಿ ಬೇಳೆ ಇದೆ, ಅದನ್ನು ಹಾಕಿ ಸಾರು ಮಾಡಿದರೆ ಹೇಗಾದೀತು ಎಂದು ನಿಂತು ಯೋಚಿಸುವಷ್ಟರಲ್ಲಿ ಧ್ವನಿವರ್ಧಕದಲ್ಲಿ ಸಮಯ ಮುಗಿಯುತ್ತಾ ಬಂತೆಂದು ಕೂಗುತ್ತಿದ್ದರು. ಬಟಾಣಿ ಬೇಳೆಯ ಸಾರು ಗಟ್ಟಿಯಾಗುತ್ತದೆ, ತಣ್ಣಗಾದ ಮೇಲೆ ಕತ್ತರಿಸಿ ತಿನ್ನಬಹುದು. ಅದೇ ಬೇಳೆಯನ್ನು ಹೂರಣವಾಗಿ ತುಂಬಿ ಅಲ್ಲಿನವರು ಮಾಡುವ ಢೋಲ್ ಪುರಿ ಮಾತ್ರ ಬಲು ರುಚಿ. ನಮ್ಮ ಹೋಳಿಗೆಯಿಂದ ಸಿಹಿಯನ್ನು ತೆಗೆದು, ತೆಳ್ಳಗೆ ಲಟ್ಟಿಸಿದ ಹಾಗೆ. ಮಂಡಕ್ಕಿ ನಮ್ಮವ್ವ ಕಟ್ಟಿಕೊಟ್ಟದ್ದಿತ್ತು, ಅದು ಫೆಬ್ರವರಿಯಲ್ಲೇ ಮುಗಿದಿತ್ತು. ಜೋಳದ ಹಿಟ್ಟೂ ಹಾಗೆಯೇ.

ಹರಿಹರದ ಮೇಷ್ಟ್ರು (ನಿವೃತ್ತ):

ತಂಗಿ, ನೀವು ಬರೆದದ್ದನ್ನು ಸಂತೋಷದಿಂದ ಓದಿದೆ, ಆದರೆ 'ಸಾವಿರ ಪಾಲು ಮೇಲು' ಎಂಬ ಮಾತನ್ನು ಒಪ್ಪುವುದು ಕಷ್ಟ. ಅಕ್ಷರದ ಸರದಿ ಬರುವ ಮೊದಲು ಒಂದು ವಾರ ಎಲ್ಲವನ್ನೂ ಮುಚ್ಚಿದರಲ್ಲ, ಆ ವಾರದ ಭಾರವನ್ನು ಹೊತ್ತವರು ಯಾರು? ತಿಂಗಳ ದಿನಸಿಯನ್ನು ಒಟ್ಟಿಗೆ ತಂದು ಫ್ರಿಜ್ಜಿನಲ್ಲಿ ತುಂಬುವವರಿಗೆ ಅದು ಬೇಸರದ ವಾರ. ದಿನಗೂಲಿ ಬಂದ ಸಂಜೆ ಅರ್ಧ ಲೀಟರು ಎಣ್ಣೆ, ಒಂದು ಸೇರು ಅಕ್ಕಿ ಕೊಳ್ಳುವವರಿಗೆ ಅದು ಉಪವಾಸದ ವಾರ. ಸರ್ಕಾರವೊಂದು ಅಂಗಡಿ ಮುಚ್ಚಿ ಎಂದು ಆದೇಶಿಸುವಾಗ, ಎಲ್ಲರ ಮನೆಯಲ್ಲೂ ವಾರಕ್ಕಾಗುವ ದಿನಸಿ ಇದೆಯೆಂದು ಅಂದುಕೊಂಡಿರುತ್ತದೆ. ನಮ್ಮಲ್ಲಿ ನೂಕುನುಗ್ಗಲಾಯಿತು, ಲಾಠಿಯೂ ಬೀಸಿತು, ಅದನ್ನು ಸಮರ್ಥಿಸಲಾರೆ. ಆದರೆ ತಳ್ಳುಗಾಡಿಯವರು ಬಡಾವಣೆಗಳಿಗೆ ಬಂದರು, ನ್ಯಾಯಬೆಲೆ ಅಂಗಡಿಯಲ್ಲಿ ಏಪ್ರಿಲ್‌ನಿಂದ ತಲೆಗೆ 5 ಕಿಲೋ ಉಚಿತ ಅಕ್ಕಿ ಸಿಕ್ಕಿತು. ಇವುಗಳಿಂದ ಬದುಕಿದ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು. ದ್ವೀಪ ಎಂದರೆ ಅದಕ್ಕೆ ಬಾಗಿಲುಗಳು ಎರಡೇ, ಒಂದು ಬಂದರು, ಒಂದು ವಿಮಾನ ನಿಲ್ದಾಣ. ಎರಡನ್ನೂ ಮುಚ್ಚಿದರೆ ರೋಗ ಒಳಗೆ ಬರುವ ದಾರಿಯೇ ಇಲ್ಲ. ಮಾರಿಷಸ್‌ನ ಮೊದಲ ಅಲೆ 332 ಪ್ರಕರಣ, 10 ಸಾವುಗಳಿಗೆ ನಿಂತದ್ದಕ್ಕೆ ಸರದಿಯ ಪಟ್ಟಿಗಿಂತ ಅದೇ ದೊಡ್ಡ ಕಾರಣವಿರಬೇಕು. ಲಕ್ಷದ್ವೀಪದಲ್ಲಿ 2021ರ ಜನವರಿಯವರೆಗೆ ಒಂದು ಪ್ರಕರಣವೂ ಇರಲಿಲ್ಲ, ಅಲ್ಲಿ ಯಾವ ಅಕ್ಷರಮಾಲೆಯೂ ಇರಲಿಲ್ಲ. ರಾಷ್ಟ್ರೀಯ ಹೆದ್ದಾರಿ ಹಾದುಹೋಗುವ ಹರಿಹರ, ದಾವಣಗೆರೆಗಳಿಗೆ ಅಂಥ ಬಾಗಿಲು ಎಲ್ಲಿಂದ ತರೋಣ?

ಕೋಟೆನಾಡು (ಚಿತ್ರದುರ್ಗ):

ಮೇಷ್ಟ್ರ ಮಾತಿಗೆ ನನ್ನದೂ ಸೇರಿಸುತ್ತೇನೆ, ಆದರೆ ಬೇರೆ ಕಡೆಯಿಂದ. ನಾನು ಈರುಳ್ಳಿ ಬೆಳೆಯುವವನು. ನೀವು ಅಲ್ಲಿ ಅಂಗಡಿಯ ಖಾಲಿ ಕಪಾಟಿನ ಮುಂದೆ ನಿಂತಿದ್ದ ಏಪ್ರಿಲ್ ತಿಂಗಳಲ್ಲಿ, ನಾವು ಇಲ್ಲಿ ತುಂಬಿದ ಗೋದಾಮಿನ ಮುಂದೆ ನಿಂತಿದ್ದೆವು. ಬೇಸಿಗೆ ಬೆಳೆಯನ್ನು ಕಿತ್ತು, ಕೊಯ್ದು, ಚೀಲ ತುಂಬಿ ಹೊಲದ ಬದುವಿನಲ್ಲಿ ಒಟ್ಟಿ, ಮೇಲೆ ತಾಡಪಾಲು ಹೊದಿಸಿ, ಲಾರಿಗೆ ಕಾದದ್ದೇ ಬಂತು. ಲಾರಿ ಸಿಕ್ಕರೆ ಪಾಸ್ ಇಲ್ಲ, ಪಾಸ್ ಸಿಕ್ಕರೆ ಯಶವಂತಪುರದ ಮಂಡಿಯಲ್ಲಿ ಕೊಳ್ಳುವವರಿಲ್ಲ. ಹೋಟೆಲ್, ಕಲ್ಯಾಣ ಮಂಟಪ, ಹಾಸ್ಟೆಲ್ ಎಲ್ಲ ಮುಚ್ಚಿದ ಮೇಲೆ ಈರುಳ್ಳಿ ಯಾರಿಗೆ ಬೇಕು? ಹಿರಿಯೂರು ಕಡೆಯ ರೈತ ಮಹಿಳೆಯೊಬ್ಬರು ತಮ್ಮ ಈರುಳ್ಳಿಯ ಗತಿಯನ್ನು ವಿಡಿಯೋದಲ್ಲಿ ಹೇಳಿಕೊಂಡು, ಅದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರವರೆಗೆ ಹೋದದ್ದು ಕೆಲವರಿಗೆ ನೆನಪಿರಬಹುದು. ಉಳಿದವರ ಈರುಳ್ಳಿ ವಿಡಿಯೋ ಆಗಲಿಲ್ಲ, ಗೊಬ್ಬರವಾಯಿತು.

ಮೊದಲು ಮೇಲಿನ ಸಿಪ್ಪೆ ಒದ್ದೆಯಾಗುತ್ತದೆ. ಆಮೇಲೆ ಕತ್ತಿನ ಹತ್ತಿರ ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಆ ಮೇಲೆ ಚೀಲದ ತಳದಿಂದ ಕಂದು ನೀರು ಇಳಿಯುತ್ತದೆ. ಒಂದು ಗಡ್ಡೆ ಕೆಟ್ಟರೆ ಪಕ್ಕದ್ದನ್ನು ಕೆಡಿಸುತ್ತದೆ, ಆದ್ದರಿಂದ ದಿನವೂ ಮನೆಮಂದಿಯೆಲ್ಲ ಕುಳಿತು ಆರಿಸುವುದೇ ಕೆಲಸವಾಗಿತ್ತು. ಮಕ್ಕಳಿಗೂ ಶಾಲೆಯಿರಲಿಲ್ಲ, ಅವರೂ ಆರಿಸಿದರು.

ಅದೇ ವರ್ಷ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿತು. ಅದು ನಮ್ಮ ಮುಂಗಾರಿನ ಬೆಳೆ ಬರುವ ಹೊತ್ತು. ಬೇಸಿಗೆಯಲ್ಲಿ ಹೋದದ್ದನ್ನು ಈಗಲಾದರೂ ಎತ್ತಿಕೊಳ್ಳೋಣ ಎಂದಿದ್ದವರಿಗೆ ಅದೂ ತಪ್ಪಿತು. ನಿಷೇಧ ತೆಗೆದದ್ದು 2021ರ ಜನವರಿ 1ಕ್ಕೆ. ನಮ್ಮ ಬೆಳೆ ಅಷ್ಟರೊಳಗೆ ಮಳೆಯಲ್ಲಿ ನೆನೆದು ಮುಗಿದಿತ್ತು. ಅಕ್ಕ, ನಿಮ್ಮ ದ್ವೀಪದವರಿಗೆ ಆಗ ಈರುಳ್ಳಿ ಎಲ್ಲಿಂದ ಬರುತ್ತಿತ್ತು ಎಂಬುದು ನನ್ನ ಪ್ರಶ್ನೆ.

ವಿದ್ಯಾನಗರದವಳು:

ಅಣ್ಣಾರೆ, ನಿಮ್ಮ ಪ್ರಶ್ನೆಗೆ ಉತ್ತರ ನಿಮಗೆ ಇಷ್ಟವಾಗಲಾರದು. ನಮ್ಮ ಬೀದಿಯ ಅಂಗಡಿಯಲ್ಲಿ ಕೆಂಪು ಬಲೆಯ ಚೀಲದಲ್ಲಿ ಬರುತ್ತಿದ್ದದ್ದು ಭಾರತದ ಈರುಳ್ಳಿಯೇ. ಅಲ್ಲಿನ ರೈತರೂ ಸ್ವಲ್ಪ ಬೆಳೆಯುತ್ತಾರೆ, ಅದು ವರ್ಷಪೂರ್ತಿ ಸಾಲದು. ರುಗಾಯ್ ಎಂದು ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಥೈಮ್ ಸೊಪ್ಪು ಹಾಕಿ ಮಾಡುವ ಗೊಜ್ಜು ಅವರಿಗೆ ದಿನದ ಅಡುಗೆ. ಈರುಳ್ಳಿ ಇಲ್ಲದಿದ್ದರೆ ಅಡುಗೆಯೇ ಇಲ್ಲ. ನಿಷೇಧದ ಸುದ್ದಿ ಬಂದ ಮೇಲೆ ಕೆಳಗಿನ ಮನೆಯ ಅಜ್ಜಿ ಒಂದು ಗಡ್ಡೆಯನ್ನು ಅರ್ಧ ಬಳಸಿ, ಉಳಿದರ್ಧವನ್ನು ಸಣ್ಣ ತಟ್ಟೆ ಮುಚ್ಚಿ ಇಡುತ್ತಿದ್ದರು. ನಿಮ್ಮ ಚೀಲದ ತಳದಿಂದ ಕಂದು ನೀರು ಇಳಿಯುತ್ತಿದ್ದದ್ದೂ, ಅವರು ಆ ಅರ್ಧ ಗಡ್ಡೆಯನ್ನು ಜೋಪಾನ ಮಾಡುತ್ತಿದ್ದದ್ದೂ ಅದೇ ವರ್ಷ ಎಂಬುದನ್ನು ನೀವು ಬರೆದ ಮೇಲೆಯೇ ನಾನು ಜೋಡಿಸಿ ನೋಡಿದ್ದು.

ಮೇಷ್ಟ್ರೇ, ಮುಚ್ಚಿದ ವಾರದ ಬಗ್ಗೆ ನೀವು ಹೇಳಿದ್ದರಲ್ಲಿ ಹುರುಳಿದೆ. ಸರ್ಕಾರದ ಸಾಮಾಜಿಕ ನೋಂದಣಿಯಲ್ಲಿದ್ದ ಬಡ ಕುಟುಂಬಗಳ ಮನೆಬಾಗಿಲಿಗೆ ದಿನಸಿ ಹೋಯಿತು, ಖಾಸಗಿ ನೌಕರರ ಸಂಬಳಕ್ಕೆ ಸರ್ಕಾರ ನೆರವಾಯಿತು. ಆದರೆ ನೋಂದಣಿಯಲ್ಲಿಲ್ಲದ ಬಡವರು ಎಲ್ಲ ದೇಶದಲ್ಲೂ ಇರುತ್ತಾರೆ. ನಮ್ಮ ಬೀದಿಯನ್ನು ಆ ವಾರ ದಾಟಿಸಿದ್ದು ಹಿತ್ತಲುಗಳು, ಅದನ್ನು ಮೊದಲೇ ಹೇಳಬೇಕಿತ್ತು. ಅಲ್ಲಿ ಮನೆಯ ಹಿಂದೆ ಒಂದಿಷ್ಟು ಮಣ್ಣಿದ್ದರೆ ಸೀಮೆಬದನೆಯ ಬಳ್ಳಿ ಇದ್ದೇ ಇರುತ್ತದೆ, ತಂತಿಯ ಚಪ್ಪರಕ್ಕೆ ಹಬ್ಬಿ ಕಾಯಿಗಳು ತಲೆಗೆ ತಾಗುವಂತೆ ತೂಗುತ್ತಿರುತ್ತವೆ. ಮೂಲೆಯಲ್ಲಿ ನುಗ್ಗೆ ಇರುತ್ತದೆ. ಕಾಯಿಗಿಂತ ಸೊಪ್ಪಿಗೇ ಅವರಲ್ಲಿ ಬೆಲೆ. ಒದ್ದೆ ಜಾಗದಲ್ಲಿ ಕೆಸು. ನಮ್ಮ ಹಿತ್ತಲಿನಲ್ಲಿ ಜೊತೆಗೊಂದು ದೀವಿಹಲಸಿನ ಮರವೂ ಇತ್ತು, ಕರಾವಳಿಯವರು ಜೀಗುಜ್ಜೆ ಎನ್ನುವುದು ಅದನ್ನೇ.

ಬಯಲುಸೀಮೆಯ ನಾನು ಅದನ್ನು ಅಲ್ಲಿಯವರೆಗೆ ಅಡುಗೆಗೆ ಬಳಸಿದವಳೇ ಅಲ್ಲ. ಅಜ್ಜಿ ಮಾಳಿಗೆಯ ಮೆಟ್ಟಿಲ ಮೇಲೆ ಅರ್ಧ ಹಣ್ಣು ಇಟ್ಟು, ಕೆಳಗಿನಿಂದ ಕೂಗಿ ಹೋಗುತ್ತಿದ್ದರು, ಹತ್ತಿರ ಬರುವಂತಿರಲಿಲ್ಲವಲ್ಲ. ಕೈಗೆ ಎಣ್ಣೆ ಸವರಿಕೊಂಡು, ಅಂಟನ್ನು ಒರೆಸಿ, ಸಿಪ್ಪೆಯನ್ನು ದಪ್ಪಗೆ ತೆಗೆದು, ಒಳಗಿನ ದಿಂಡನ್ನು ಬಿಡಿಸಿ ಹೋಳು ಮಾಡಬೇಕು. ಬೇಯಿಸಿದರೆ ಆಲೂಗೆಡ್ಡೆಯಂತೆ ಹಿಟ್ಟುಹಿಟ್ಟಾಗುತ್ತದೆ. ನಾನು ಶೇಂಗಾ ಪುಡಿ, ಹಸಿಮೆಣಸಿನಕಾಯಿ ಹಾಕಿ ಪಲ್ಯ ಮಾಡಿ, ಅದೇ ಮೆಟ್ಟಿಲ ಮೇಲೆ ಬಟ್ಟಲಿಟ್ಟು ಬರುತ್ತಿದ್ದೆ. ಅಜ್ಜಿ ಭೋಜಪುರಿ ಬೆರೆತ ಕ್ರಿಯೋಲ್ ಎಂಬ ಅಲ್ಲಿನ ಆಡುಮಾತಿನಲ್ಲಿ ಖಾರ ಜಾಸ್ತಿಯಾಯಿತೆಂದು ಬೈದು, ಬಟ್ಟಲನ್ನು ಖಾಲಿ ಮಾಡಿಯೇ ಹಿಂದಿರುಗಿಸುತ್ತಿದ್ದರು. ಮಕ್ಕಳ ಪಾಠ ಎಂ.ಬಿ.ಸಿ. ಎಂಬ ಅವರ ಸರ್ಕಾರಿ ಟಿವಿಯಲ್ಲಿ ಬರುತ್ತಿತ್ತು, ಫ್ರೆಂಚ್ ಪಾಠ ಮುಗಿಯುವವರೆಗೆ ಕೆಳಗಿನ ಮನೆಯಲ್ಲಿ ಮಿಕ್ಸಿ ಹಾಕುವಂತಿರಲಿಲ್ಲ.

ಹಿರಿಯೂರಿನ ಮಗಳು (ಈಗ ತುಮಕೂರು):

ದ್ವೀಪದ ಮಾತು ಬಂದುದರಿಂದ ನಾನೂ ಬರೆಯುತ್ತೇನೆ. ನಮ್ಮ ಯಜಮಾನರ ನೌಕರಿಯ ನಿಮಿತ್ತ ಆ ವರ್ಷ ನಾವು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದೆವು. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. ಅದು ನಮ್ಮದೇ ದೇಶ, ನಮ್ಮದೇ ರೂಪಾಯಿ, ಆದರೂ ಚೆನ್ನೈನಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಆಲೂಗೆಡ್ಡೆ, ಈರುಳ್ಳಿ, ಬೇಳೆ, ಸಿಮೆಂಟು, ಎಲ್ಲವೂ ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣಗಳಿಂದ ಹಡಗಿನಲ್ಲಿ ಬರಬೇಕು. "ಹಡಗು ಬಂತಂತೆ" ಎಂಬ ಮಾತು ಬೆಳಿಗ್ಗೆ ಬೀದಿಯಲ್ಲಿ ಹಬ್ಬಿದರೆ ಸಂಜೆಯೊಳಗೆ ಟೊಮೆಟೊ ಬೆಲೆ ಇಳಿಯುತ್ತಿತ್ತು. "ಸಮುದ್ರ ಸರಿಯಿಲ್ಲವಂತೆ" ಎಂದರೆ ಏರುತ್ತಿತ್ತು. ಕೊರೊನಾಕ್ಕಿಂತ ಮೊದಲೂ ಹೀಗೆಯೇ ಇತ್ತು. ಆದ್ದರಿಂದ ಅಲ್ಲಿನ ಹಳಬರ ಮನೆಗಳಲ್ಲಿ ಒಂದು ತಿಂಗಳ ಅಕ್ಕಿ, ಬೇಳೆ ಸದಾ ಇರುತ್ತದೆ. ಲಾಕ್‌ಡೌನ್ ಬಂದಾಗ ಗಾಬರಿಯಾದವರು ನಮ್ಮಂಥ ಹೊಸಬರು. ಹಿರಿಯೂರಿನಲ್ಲಿ ಬರಗಾಲ ಕಂಡು ಬೆಳೆದ ನಮ್ಮತ್ತೆಗೆ ಮಾತ್ರ ಅದು ಅರ್ಥವಾಗಿತ್ತು. ಹೋದ ಮೊದಲ ತಿಂಗಳೇ ಡಬ್ಬಿಗಳನ್ನು ಕೊಂಡು ತುಂಬಿಸಿದ್ದರು.

ನಮಗೆ ನಿಜವಾದ ಕಷ್ಟ ಇದ್ದದ್ದು ಇಂಟರ್ನೆಟ್ಟಿನದು. ಎಲ್ಲವೂ ಉಪಗ್ರಹದ ಮೂಲಕ ನಡೆಯುತ್ತಿದ್ದುದರಿಂದ ಹೊಸ ಪೀಳಿಗೆಯವರು ಊಹಿಸಲೂ ಆಗದಷ್ಟು ನಿಧಾನ. ಮಗಳ ಶಾಲೆಯವರು ಮನೆಪಾಠದ ಹಾಳೆಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಅದು ಇಳಿಯಲಿ ಎಂದು ರಾತ್ರಿ ಮಲಗುವಾಗ ಫೋನನ್ನು ಕಿಟಕಿಯ ಬಳಿ ಇಟ್ಟು ಮಲಗುತ್ತಿದ್ದೆವು. ಚಿತ್ರದುರ್ಗದಲ್ಲಿದ್ದ ಅಣ್ಣನ ಮಕ್ಕಳು ಆನ್‌ಲೈನ್ ತರಗತಿಯಲ್ಲಿ ಕುಳಿತಿರುವಾಗ ನಮ್ಮ ಹುಡುಗಿ ಹಳೆಯ ಪಠ್ಯಪುಸ್ತಕವನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಚೆನ್ನೈನಿಂದ ಸಮುದ್ರದ ತಳದಲ್ಲಿ ಸುಮಾರು 2,300 ಕಿಲೋಮೀಟರ್ ಉದ್ದದ ಕೇಬಲ್ ಹಾಕಿ, ಅದನ್ನು ಪ್ರಧಾನಿಯವರು ಉದ್ಘಾಟಿಸಿದ್ದು 2020ರ ಆಗಸ್ಟ್ 10ರಂದು. ಆಮೇಲೆ ತಂಗಿಯ ಮುಖವನ್ನು ವಿಡಿಯೋದಲ್ಲಿ ಕಂಡಾಗ ಆದ ಸಂತೋಷ, ಕೊರೊನಾ ಕಾಲದಲ್ಲಿ ನಮಗೆ ಸಿಕ್ಕ ಒಂದೇ ಒಂದು ಹೊಸ ಸೌಕರ್ಯದ್ದು.

ಸರದಿಯ ಚರ್ಚೆಯ ಬಗ್ಗೆ ನನ್ನ ಮಾತು: ಅಂಗಡಿಯೊಳಗೆ ಸಾಮಾನು ಇದ್ದರೆ ತಾನೇ ಸರದಿ? ಹಡಗಿನ ವೇಳಾಪಟ್ಟಿ ಮೊದಲು, ಜನರ ವೇಳಾಪಟ್ಟಿ ಆಮೇಲೆ.

ಜಗಳೂರು ಸೀಮೆಯವ:

ಅಕ್ಕನವರ ಯಜಮಾನರಂತೆ ನಾನೂ ಮಾರಿಷಸ್‌ನ ಜವಳಿ ಕಾರ್ಖಾನೆಯಲ್ಲಿ ಇದ್ದವನು, ಆದರೆ ಆಫೀಸಿನಲ್ಲಲ್ಲ, ಹೊಲಿಗೆ ವಿಭಾಗದಲ್ಲಿ. ಯಾವ ಕಾರ್ಖಾನೆ ಎಂದು ಹೇಳುವುದಿಲ್ಲ. ನಾವಿದ್ದದ್ದು ಕಾರ್ಖಾನೆಯ ವಸತಿಗೃಹದಲ್ಲಿ. ಒಂದು ಕೋಣೆಯಲ್ಲಿ ಎರಡಂತಸ್ತಿನ ಮಂಚಗಳು, ಭಾರತದವರು, ಬಾಂಗ್ಲಾದೇಶದವರು ಬೆರೆತು. ಹಿತ್ತಲಿನ ಸೀಮೆಬದನೆಯ ವಿವರ ಓದುವುದಕ್ಕೆ ಚೆನ್ನಾಗಿದೆ. ನಮಗೆ ಹಿತ್ತಲಿರಲಿಲ್ಲ. ಅಂತರ ಕಾಯ್ದುಕೊಳ್ಳಿ ಎಂದು ಗೋಡೆಗೆ ಅಂಟಿಸಿದ್ದರು, ಅಂತರಕ್ಕೆ ಜಾಗವೆಲ್ಲಿತ್ತು? ಊಟ ಕೊಟ್ಟರು, ಅದನ್ನು ಇಲ್ಲ ಎನ್ನುವುದಿಲ್ಲ, ಅಕ್ಕಿ ಮತ್ತು ಬೇಳೆ, ಬೇಳೆ ಮತ್ತು ಅಕ್ಕಿ. ಓವರ್‌ಟೈಮ್ ನಿಂತ ಮೇಲೆ ಕೈಗೆ ಬರುತ್ತಿದ್ದ ಹಣ ಕರಗಿತು. ಊರಿಗೆ ಕಳಿಸುವ ತಿಂಗಳ ಹಣವನ್ನು ಅಪ್ಪನಿಗೆ ಹೇಗೆ ವಿವರಿಸುವುದೆಂದು ತಿಳಿಯದೆ ಕೆಲವು ಸಲ ಫೋನನ್ನೇ ಎತ್ತಲಿಲ್ಲ. ವಿಮಾನವೂ ಇಲ್ಲ, ಅಲ್ಲಿನ ವಿಮಾನ ಕಂಪನಿಯೇ ಏಪ್ರಿಲ್‌ನಲ್ಲಿ ಸಾಲದ ಸುಳಿಗೆ ಸಿಕ್ಕಿ ಆಡಳಿತಗಾರರ ಕೈಗೆ ಹೋಗಿತ್ತು. ದ್ವೀಪದಲ್ಲಿ ಮನೆಯ ಬದುಕು ಹೇಗಿತ್ತು ಎಂಬ ಪ್ರಶ್ನೆಗೆ, ಮನೆಯಿದ್ದವರ ಉತ್ತರ ಬೇರೆ, ಮಂಚವಿದ್ದವರ ಉತ್ತರ ಬೇರೆ.

ವಿದ್ಯಾನಗರದವಳು:

ನೀವು ಬರೆದದ್ದು ಸರಿ ಅಣ್ಣಾ. ನಮ್ಮವರೂ ಆ ವಸತಿಗೃಹಗಳ ಸ್ಥಿತಿಯನ್ನು ಹೇಳಿಕೊಂಡು ಊಟಕ್ಕೆ ಕೂರುತ್ತಿದ್ದರು. ಕಾರ್ಖಾನೆಗಳು ಬಟ್ಟೆಯ ಮಾಸ್ಕ್ ಹೊಲಿಯಲು ಶುರು ಮಾಡಿದಾಗ ಮೊದಲು ಕೆಲಸಕ್ಕೆ ಕರೆದದ್ದು ನಿಮ್ಮಂಥವರನ್ನೇ, ಆ ಮಾಸ್ಕ್ ಹಾಕಿಕೊಂಡೇ ನಾನು ಸರದಿಯಲ್ಲಿ ನಿಲ್ಲುತ್ತಿದ್ದೆ.

ಮಂಡಕ್ಕಿ ಪ್ರಿಯ:

ಊರಿನಲ್ಲಿ ಯಾರಾದರೂ ತೀರಿಕೊಂಡಾಗ ಬರಲಾಗದೆ ಉಳಿದವರು ಇದ್ದಾರೆಯೇ? ನಮ್ಮ ಓಣಿಯ ಒಬ್ಬರ ಮಗ ಮಸ್ಕತ್‌ನಲ್ಲಿದ್ದ, ತಂದೆಯ ಮಣ್ಣಿಗೆ ಬರಲಾಗಲಿಲ್ಲ ಎಂದು ಇಂದಿಗೂ ಕೊರಗುತ್ತಾನೆ.

ಹರಿಹರದ ಮೇಷ್ಟ್ರು (ನಿವೃತ್ತ):

ಇದರಲ್ಲಿ ಸಮುದ್ರದ ಪಾತ್ರ ಅಷ್ಟಿಲ್ಲ ತಮ್ಮಾ. ನನ್ನ ಸೋದರತ್ತೆ ದಾವಣಗೆರೆಯಲ್ಲಿ ತೀರಿಕೊಂಡರು. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರು. ಅಂತ್ಯಕ್ರಿಯೆಗೆ ಇಪ್ಪತ್ತು ಜನ ಮಾತ್ರ ಎಂಬ ನಿಯಮವಿತ್ತು, ಮಕ್ಕಳು ಮೊಮ್ಮಕ್ಕಳನ್ನು ಎಣಿಸುವಷ್ಟರಲ್ಲೇ ಇಪ್ಪತ್ತು ತುಂಬಿತ್ತು. ನಾನು ಮನೆಯ ಜಗುಲಿಯಲ್ಲಿ ಕುಳಿತು ಫೋನಿನಲ್ಲಿ ವಿಭೂತಿ ಹಚ್ಚುವುದನ್ನು ನೋಡಿದೆ. ಹದಿನಾಲ್ಕು ಕಿಲೋಮೀಟರು ದಾಟಲಾಗದವನಿಗೂ ಹಿಂದೂ ಮಹಾಸಾಗರ ದಾಟಲಾಗದವನಿಗೂ ಆ ದಿನ ಏನು ವ್ಯತ್ಯಾಸ?

ವಿದ್ಯಾನಗರದವಳು:

ವ್ಯತ್ಯಾಸ ಇದೆ ಮೇಷ್ಟ್ರೇ. ನಿಮಗೆ ತಿಂಗಳ ಮೇಲಾದರೂ ಸಮಾಧಿಗೆ ಹೋಗಿ ಹೂ ಇಟ್ಟು ಬರುವ ದಾರಿಯಿತ್ತು. ಮಾರಿಷಸ್‌ನ ಗಡಿ ಪೂರ್ತಿ ತೆರೆದದ್ದು 2021ರ ಅಕ್ಟೋಬರ್ 1ಕ್ಕೆ. ಅಲ್ಲಿಯವರೆಗೆ ಒಮ್ಮೆ ಹೊರಗೆ ಹೋದವರು ಮತ್ತೆ ಬರಬೇಕೆಂದರೆ ಹೋಟೆಲಿನ ಕೋಣೆಯಲ್ಲಿ 14 ದಿನ ಬಾಗಿಲು ಹಾಕಿಕೊಂಡು ಇರಬೇಕಿತ್ತು. ಹಾಗಾಗಿ ಊರಿಗೆ ಹೋಗುವುದೆಂದರೆ ನೌಕರಿ ಬಿಟ್ಟು ಹೋಗುವುದು ಎಂದೇ ಅರ್ಥ.

ಗಡಿ ಮುಚ್ಚಿದ್ದರಿಂದ ಒಳಗೆ ಒಂದು ವಿಚಿತ್ರ ಸ್ವಾತಂತ್ರ್ಯವೂ ಇತ್ತೆಂಬುದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 2020ರ ಮೇ 30ಕ್ಕೆ ನಿರ್ಬಂಧ ಮುಗಿದ ಮೇಲೆ, ಇಲ್ಲಿ ದಿನದ ಸಾವಿನ ಸಂಖ್ಯೆ ಏರುತ್ತಿದ್ದ ತಿಂಗಳುಗಳಲ್ಲಿ, ಅಲ್ಲಿ ಮದುವೆಗಳು ನಡೆದವು, ಶಾಲೆ ನಡೆದವು. ಅದೇ ವರ್ಷ ಜುಲೈ 25ರಂದು ವಕಾಶಿಯೋ ಎಂಬ ಜಪಾನಿ ಮಾಲೀಕರ ಹಡಗು ಆಗ್ನೇಯ ಕರಾವಳಿಯ ಹವಳದ ದಿಬ್ಬಕ್ಕೆ ಬಡಿದು ನಿಂತಿತು. ಆಗಸ್ಟ್ 6ರಿಂದ ಸುಮಾರು ಸಾವಿರ ಟನ್ ಎಣ್ಣೆ ಸಮುದ್ರಕ್ಕೆ ಸೇರಿತು. ಎಣ್ಣೆಯನ್ನು ತಡೆಯುವ ತೇಲುಬೇಲಿ ಮಾಡಲು ಜನ ಬಟ್ಟೆಯ ಉದ್ದ ಚೀಲಗಳನ್ನು ಹೊಲಿದು, ಒಳಗೆ ಕಬ್ಬಿನ ಒಣಸೋಗೆ ತುಂಬಿದರು. ನಮ್ಮ ಬೀದಿಯ ಹೆಂಗಸರೂ ಅಂಗಳದಲ್ಲಿ ಕುಳಿತು ಹೊಲಿದೆವು. ತಿಂಗಳುಗಟ್ಟಲೆ ಮೆಟ್ಟಿಲ ಮೇಲೆ ಬಟ್ಟಲಿಟ್ಟು ದೂರ ಸರಿಯುತ್ತಿದ್ದವರು ಆ ದಿನ ಒಂದೇ ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದೆವು. ಸೋಗೆಯ ಅಂಚು ಬ್ಲೇಡಿನಷ್ಟು ಹರಿತ, ಎಲ್ಲರ ಬೆರಳೂ ಗೀರಿತ್ತು.

ಎರಡನೆಯ ನಿರ್ಬಂಧ ಬಂದದ್ದು 2021ರ ಮಾರ್ಚ್ 10ಕ್ಕೆ, ಶಿವರಾತ್ರಿಯ ಹಿಂದಿನ ದಿನ. ಗಂಗಾ ತಲಾವ್ ಎಂಬ ಕೆರೆಗೆ ಲಕ್ಷಾಂತರ ಜನ ಕಾವಡಿ ಹೊತ್ತು ನಡೆದು ಹೋಗುವ ಹಬ್ಬ ಅದು. ಕೆಳಗಿನ ಮನೆಯ ಮಗ ಬಿದಿರಿನ ಕಾವಡಿಗೆ ಬಣ್ಣದ ಕಾಗದ ಅಂಟಿಸಿ ಸಿದ್ಧ ಮಾಡಿದ್ದ; ಅದು ಗ್ಯಾರೇಜಿನಲ್ಲೇ ಉಳಿಯಿತು. ನಾವು ಎರಡು ಮನೆಯವರೂ ಮಾಳಿಗೆಯಲ್ಲೇ ಜಾಗರಣೆ ಮಾಡಿದೆವು. ಅಷ್ಟರಲ್ಲಿ ಭಾರತ ಜನವರಿಯಲ್ಲಿ ಕೊಟ್ಟ ಒಂದು ಲಕ್ಷ ಡೋಸು ಕೋವಿಶೀಲ್ಡ್ ಅಲ್ಲಿ ಬಂದಿಳಿದಿತ್ತು, ಅಜ್ಜಿ ಅದನ್ನು ನನ್ನ ತವರಿನವರೇ ಕಳಿಸಿದ್ದೆಂಬಂತೆ ನನಗೆ ಧನ್ಯವಾದ ಹೇಳಿದ್ದರು.

ಕೋಟೆನಾಡು (ಚಿತ್ರದುರ್ಗ):

ಸರದಿಯ ಮಾತಿಗೆ ಮತ್ತೆ ಬರುತ್ತೇನೆ, ಅದು ಅರ್ಧಕ್ಕೇ ನಿಂತಿದೆ. ಮನೆತನದ ಹೆಸರಿನ ಸರದಿ ನಮ್ಮಲ್ಲಿ ನಡೆಯದು, ಅದನ್ನು ಮಂಡಕ್ಕಿ ಪ್ರಿಯರ ಪ್ರಶ್ನೆಯೇ ಹೇಳಿತು. ಆದರೆ ಪಡಿತರ ಚೀಟಿಯ ಸಂಖ್ಯೆ ಮನೆಗೊಂದು ಇದೆ. ಅದರ ಕೊನೆಯ ಅಂಕಿಯ ಪ್ರಕಾರ ವಾರದ ದಿನಗಳನ್ನು ಹಂಚಿದ್ದರೆ ಬೆಳಗಿನ ನೂಕುನುಗ್ಗಲು ತಪ್ಪುತ್ತಿತ್ತು. ಜೊತೆಗೆ ಬಡಾವಣೆಗೊಂದು ದಿನ ರೈತರ ಗಾಡಿಗೆ ನೇರವಾಗಿ ಪಾಸ್ ಕೊಟ್ಟಿದ್ದರೆ ನನ್ನ ಈರುಳ್ಳಿ ಮಂಡಿಗೆ ಹೋಗದೆ ನಿಮ್ಮ ಮನೆಬಾಗಿಲಿಗೇ ಬರುತ್ತಿತ್ತು.

ಹರಿಹರದ ಮೇಷ್ಟ್ರು (ನಿವೃತ್ತ):

ಚೀಟಿ ಇಲ್ಲದ ಬಾಡಿಗೆದಾರರು, ಹಾಸ್ಟೆಲ್ ಹುಡುಗರು, ಜಗಳೂರಿನ ಗೆಳೆಯರು ಹೇಳಿದಂಥ ವಲಸೆ ಕೆಲಸಗಾರರು ಯಾವ ಅಂಕಿಯ ದಿನ ಬರಬೇಕಿತ್ತು ಎಂಬುದನ್ನೂ ಹೇಳಿಬಿಡಿ.

ಕೋಟೆನಾಡು (ಚಿತ್ರದುರ್ಗ):

ಅವರಿಗೆ ಭಾನುವಾರ, ಮೇಷ್ಟ್ರೇ. ಮಾರಿಷಸ್‌ನವರು ಆ ದಿನವನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟಿದ್ದರಲ್ಲ, ನಾವು ಚೀಟಿ ಇಲ್ಲದವರಿಗೆ ಕೊಡೋಣ. ಆ ದಿನದ ಗಾಡಿ ನನ್ನದೇ ಇರಲಿ.